ಶಿಶುಗಳ ದೇಹಧರ್ಮವೂ ತಾಯಂದಿರ ಕರ್ತವ್ಯವೂ

ಮಗುವು ಮೊದಲ ಹೆಜ್ಜೆಯಿಟ್ಟ ದಿನವನ್ನೂ ಮೊದಲ ಮಾತನಾಡಿದ ದಿನವನ್ನೂ ಹೆತ್ತವರು ಬಹುಕಾಲ ನೆನಪಿನಲ್ಲಿಟ್ಟುಕೊಳ್ಳುವರು. ಆದರೆ ಅದೇ ಮಗುವು "ಅವ್ವಾ, ನೀರಡಿಕಿ ಆಗ್ಯಾದ" ಎಂದೋ, "ಒಂದಕ್ಕೆ ಹೋಗಬೇಕು" ಎಂದೋ, "ಹೊಟ್ಟಿ ತುಂಬ್ಯಾದ, ಸಾಕು" ಎಂದೋ ತಾನಾಗಿ ಹೇಳಿದ ದಿನವನ್ನು ಗಮನಿಸುವವರು ವಿರಳ. ನಾವಾದರೋ ಆ ದಿನವನ್ನೇ ವಿದ್ಯಾಭ್ಯಾಸದ ಮೊದಲನೆಯ ದಿನವೆಂದು ಎಣಿಸುತ್ತೇವೆ. ಹಲಗೆಯ ಮೇಲಿನ ಅಕ್ಷರವನ್ನು ಗುರುತಿಸುವುದಕ್ಕಿಂತ ಮುಂಚೆ ಮಗುವು ತನ್ನ ದೇಹವು ಕೊಡುವ ಸುಳಿವನ್ನು ಗುರುತಿಸಬೇಕು; ಸುಳಿವನ್ನು ಅರಿತ ಮೇಲೆ ಅದನ್ನು ಬಾಯಿಬಿಟ್ಟು ಹೇಳಬೇಕು; ಹೇಳಲು ಕಲಿತ ಮೇಲೆ ಆದಷ್ಟನ್ನು ತಾನೇ ಮಾಡಿಕೊಳ್ಳಬೇಕು. ಈ ಮೂರು ಮೆಟ್ಟಿಲುಗಳನ್ನು ಮಗುವು ಆರು ವರ್ಷದೊಳಗೆ ಹತ್ತುವಂತೆ ನೆರವಾಗುವ ಬಗೆಯನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಪಂಚೇಂದ್ರಿಯಗಳನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಇವಲ್ಲದೆ ದೇಹದ ಒಳಗಿನ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ಅರಿವೊಂದುಂಟು. ಜಠರವು ಬರಿದಾದುದು, ಮೂತ್ರಕೋಶವು ತುಂಬಿದುದು, ಮೈ ಬಿಸಿಯಾದುದು, ಇವೆಲ್ಲವೂ ನರಗಳ ಮೂಲಕ ಮೆದುಳಿಗೆ ಮುಟ್ಟುವುವು. ಆಂಗ್ಲ ಶರೀರಶಾಸ್ತ್ರಜ್ಞರಾದ ಚಾರ್ಲ್ಸ್ ಶೆರಿಂಗ್ಟನ್ನರು 1906ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇಂತಹ ಒಳಗಿನ ಅರಿವಿಗೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟರು. ಆದರೆ ಸುದ್ದಿ ಮುಟ್ಟಿದ ಮಾತ್ರಕ್ಕೆ ಅದರ ಅರ್ಥವು ತಿಳಿಯಲಾರದು. ಎಳೆಯ ಕೂಸಿಗೆ ಹಸಿವಾದರೂ ಅಳು, ನಿದ್ದೆ ಬಂದರೂ ಅಳು, ಬಟ್ಟೆ ಒದ್ದೆಯಾದರೂ ಅಳು. ಅಳು ಒಂದೇ, ಕಾರಣಗಳು ಹಲವು. "ನನ್ನ ಬಂಗಾರಕ್ಕೆ ನಿದ್ದಿ ಬಂದದ" ಎಂದು ತಾಯಿಯು ಪ್ರತಿಸಲವೂ ಹೆಸರಿಟ್ಟು ಹೇಳಿದಾಗಲೇ ಮಗುವಿಗೆ ಒಂದೊಂದು ಸಂಕಟಕ್ಕೆ ಒಂದೊಂದು ಹೆಸರು ದೊರೆಯುವುದು. ಆದುದರಿಂದ ಈ ಶಿಕ್ಷಣಕ್ಕೆ ಹಣ ಬೇಕಾಗಿಲ್ಲ. ಗಮನವೂ ಮಾತೂ ಬೇಕು.

ಈ ವಿಷಯವನ್ನು ನಮ್ಮ ಸೀಮೆಯ ಜೀವನಕ್ಕೆ ಹೊಂದಿಸಿ ನೋಡೋಣ. ಸುರಪುರ ತಾಲೂಕಿನ ತಿಂಥಣಿಯು ಕೃಷ್ಣಾ ನದಿಯ ದಡದಲ್ಲಿರುವ ಊರು; ಮೌನೇಶ್ವರರ ಗುಡಿಯಿಂದಲೂ ಜಾತ್ರೆಯಿಂದಲೂ, ಹೊಳೆಯನ್ನು ದಾಟಿ ರಾಯಚೂರು ಜಿಲ್ಲೆಗೆ ಹೋಗುವ ಸೇತುವೆಯಿಂದಲೂ ಅದು ಸುತ್ತಲ ನಾಡಿಗೆ ಪರಿಚಿತವಾಗಿದೆ. ಈ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಹತ್ತಿ ಬಿಡಿಸುವ ಕಾಲದಲ್ಲಿಯೂ ಭತ್ತದ ನಾಟಿಯ ಕಾಲದಲ್ಲಿಯೂ ತಾಯಂದಿರು ನಸುಕಿನಲ್ಲೆದ್ದು ಹೊಲಕ್ಕೆ ಹೋಗುವರು. ಯಾದಗಿರಿ ಜಿಲ್ಲೆಯ ಅನೇಕ ಕುಟುಂಬಗಳು ದುಡಿಮೆಗಾಗಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ವಲಸೆ ಹೋಗುವುದುಂಟು. ಹೀಗಿರುವಲ್ಲಿ ಮೂರು ವರ್ಷದ ಮಗುವು ದಿನದ ಬಹುಭಾಗವನ್ನು ಅಜ್ಜಿಯ ಬಳಿಯಲ್ಲೋ, ಅಕ್ಕನ ಕಂಕುಳಲ್ಲೋ, ಅಂಗನವಾಡಿಯಲ್ಲೋ ಕಳೆಯಬೇಕಾಗುವುದು. ತಾಯಿಯಂತೆ ಮುಖಭಾವದಿಂದಲೇ ಎಲ್ಲವನ್ನೂ ಅರಿಯುವವರು ಅಲ್ಲಿ ಇರಲಾರರು. ಆದಕಾರಣ ತನಗೆ ಬೇಕಾದುದನ್ನು ತಾನೇ ಹೇಳಬಲ್ಲ ಮಗುವು ಸುಖವಾಗಿರುವುದು. ಹೇಳಲಾರದ ಮಗುವು ಬಾಡುವುದು.

ಸರಕಾರವು ಇಂತಹ ಮಕ್ಕಳಿಗಾಗಿ ಏರ್ಪಡಿಸಿರುವ ಅನುಕೂಲಗಳನ್ನು ತಾಯಂದಿರು ತಿಳಿದಿರುವುದು ಒಳ್ಳೆಯದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ತಲೆಯೆತ್ತಿದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 3 ರಿಂದ 6 ವರ್ಷದ ಮಕ್ಕಳು ಅಂಗನವಾಡಿಯಲ್ಲಿ ಆಟ, ಪಾಠ, ಬಿಸಿಯೂಟಗಳನ್ನು ಹೊಂದುವರು. 2023ರಲ್ಲಿ ಪ್ರಕಟವಾದ 'ಕೂಸಿನ ಮನೆ' ಯೋಜನೆಯು ಉದ್ಯೋಗಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಕೂಸುಗಳಿಗಾಗಿ ಏರ್ಪಟ್ಟುದು. ಆದರೆ ಮನೆಯಲ್ಲಿ ಒಂದು ರೀತಿ, ಅಂಗನವಾಡಿಯಲ್ಲಿ ಇನ್ನೊಂದು ರೀತಿಯಾದರೆ ಮಗುವು ಗೊಂದಲಕ್ಕೊಳಗಾಗುವುದು. ಮಗುವು ಯಾವ ಮಾತಿನಿಂದ ಮೂತ್ರವನ್ನು ಸೂಚಿಸುತ್ತದೆ, ಎಷ್ಟು ಹೊತ್ತಿಗೆ ಹಸಿಯುತ್ತದೆ ಎಂಬುದನ್ನು ತಾಯಿಯು ಶಿಕ್ಷಕಿಗೂ ಸಹಾಯಕಿಗೂ ಮೊದಲ ದಿನವೇ ತಿಳಿಸತಕ್ಕದ್ದು.

ಇನ್ನು ಒಂದೊಂದು ಅಗತ್ಯವನ್ನು ಬೇರೆ ಬೇರೆಯಾಗಿ ವಿಚಾರಿಸೋಣ. ಮೊದಲನೆಯದು ಹಸಿವು. ಮಗುವಿನ ಜಠರವು ಚಿಕ್ಕದು. ಅದು ದೊಡ್ಡವರಂತೆ ಎರಡು ಊಟಗಳಲ್ಲಿ ದಿನವನ್ನು ಕಳೆಯಲಾರದು. ಮೂರು ಊಟಗಳೂ ನಡುನಡುವೆ ಎರಡು ಸಲ ಸ್ವಲ್ಪ ತಿನಿಸೂ ಬೇಕು. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಅಧಿಕಾರ. ಎಷ್ಟು ಉಣ್ಣಬೇಕೆಂಬುದು ಮಗುವಿನ ಅಧಿಕಾರ. ಬೇಳೆಯಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಚಿಕ್ಕ ತಟ್ಟೆಯಲ್ಲಿ ಸ್ವಲ್ಪವೇ ಹಾಕಿ, ಇನ್ನೂ ಬೇಕೇ ಎಂದು ಕೇಳುವುದು ಲೇಸು. ಬೇಡವೆಂದ ಮಗುವಿನ ಬಾಯಿಗೆ ತುರುಕುವುದರಿಂದಲೂ, ಮೊಬೈಲ್ ಫೋನನ್ನು ಮುಂದೆ ಹಿಡಿದು ಅದು ಅರಿಯದಂತೆ ಉಣಿಸುವುದರಿಂದಲೂ ಹೊಟ್ಟೆ ತುಂಬಿತೆಂಬ ಸುಳಿವನ್ನು ಮಗುವು ಗಮನಿಸದಂತಾಗುವುದು. ಅತ್ತಾಗಲೆಲ್ಲ ಬಿಸ್ಕತ್ತು ಕೊಡುವುದೂ ಇಂತಹದೇ ತಪ್ಪು; ದುಃಖವನ್ನೂ ಬೇಸರವನ್ನೂ ಅದು ಹಸಿವೆಂದೇ ತಿಳಿಯುವುದು.

ಎರಡನೆಯದು ನೀರಡಿಕೆ. ಆಟದಲ್ಲಿ ಮುಳುಗಿದ ಮಗುವು ಬಾಯಿ ಒಣಗಿದುದನ್ನು ಅರಿಯದು. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರವು ದೊಡ್ಡವರದಕ್ಕಿಂತ ಹೆಚ್ಚು; ಆದುದರಿಂದ ನಮ್ಮ ಸೀಮೆಯ ಬಿಸಿಲು ಅವರನ್ನು ಬೇಗನೆ ದಣಿಸುವುದು. ಮಗುವಿನ ಕೈಗೆ ನಿಲುಕುವ ಎತ್ತರದಲ್ಲಿ, ಮುಚ್ಚಳವಿರುವ ಚಿಕ್ಕ ಪಾತ್ರೆಯಲ್ಲಿ ನೀರನ್ನೂ ಪಕ್ಕದಲ್ಲಿ ಒಂದು ಲೋಟವನ್ನೂ ಇಟ್ಟರೆ ಅದು ತಾನೇ ಕುಡಿಯುವುದನ್ನು ಕಲಿಯುವುದು. ಎರಡು ದಿನ ಚೆಲ್ಲೀತು, ಮೂರನೆಯ ದಿನ ಕೈ ಹದಗೊಂಡೀತು. ಮೂತ್ರದ ಬಣ್ಣವನ್ನು ನೋಡಲು ಮಗುವಿಗೆ ಕಲಿಸಬಹುದು. ತೆಳುವಾದ ನಿಂಬೆಯ ಪಾನಕದಂತಿದ್ದರೆ ನೀರು ಸಾಕಾಗಿದೆ. ಕಡು ಹಳದಿಯಾದರೆ ಕುಡಿಯಬೇಕು. ನೀರು ಎಲ್ಲಿಯದೆಂಬುದನ್ನೂ ವಿಚಾರಿಸಬೇಕು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷವು ಕಂಡುಬಂದುದು ಅನೇಕರಿಗೆ ತಿಳಿದ ಸಂಗತಿ. ಕುದಿಸುವುದರಿಂದ ರೋಗಾಣುಗಳು ಸಾಯುವುವೇ ಹೊರತು ಆರ್ಸೆನಿಕ್ ಆಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ; ಅದಕ್ಕೆ ಪರೀಕ್ಷಿಸಿದ ನೀರೇ ಬೇಕು.

ಮೂರನೆಯದು ಮಲಮೂತ್ರವಿಸರ್ಜನೆ. ಇದನ್ನು ಬರೆಯಲು ನಾಚುವವರುಂಟು. ಆದರೆ ನಾಚಿಕೆಯಿಂದಲೇ ಹೆಚ್ಚಿನ ಹಾನಿಯಾಗುತ್ತಿರುವುದರಿಂದ ನಾವು ಸ್ಪಷ್ಟವಾಗಿಯೇ ಬರೆಯುತ್ತೇವೆ. ಮಲಮೂತ್ರಗಳನ್ನು ತಡೆದು ಬಿಡುವ ಶಕ್ತಿಯು ಸಾಧಾರಣವಾಗಿ 18 ರಿಂದ 36 ತಿಂಗಳುಗಳೊಳಗೆ ಬೆಳೆಯುವುದು. ಕೆಲವರಲ್ಲಿ ಇನ್ನೂ ತಡವಾಗುವುದು. ಸುಮಾರು ಎರಡು ಗಂಟೆ ಬಟ್ಟೆ ಒಣಗಿರುವುದು, ಮೂಲೆಗೆ ಹೋಗಿ ಕುಳಿತುಕೊಳ್ಳುವುದು, ಒದ್ದೆಯಾದುದನ್ನು ತೋರಿಸುವುದು, ಚಡ್ಡಿಯನ್ನು ಕೆಳಗೆ ಜಗ್ಗಲು ಯತ್ನಿಸುವುದು, ಇವು ಮಗುವು ಸಿದ್ಧವಾಯಿತೆಂಬ ಲಕ್ಷಣಗಳು. ಇವು ಕಾಣುವ ಮುಂಚೆ ಬಲಾತ್ಕರಿಸಿದರೆ ಫಲವಿಲ್ಲ. ಊಟವಾದ ಮೇಲೆ ಕರುಳು ತಾನಾಗಿ ಚಲಿಸುವುದರಿಂದ, ಉಂಡ ಅರ್ಧ ಗಂಟೆಯೊಳಗೆ ಮಗುವನ್ನು ಕೂರಿಸುವುದು ಉಚಿತ. ಎದ್ದ ಕೂಡಲೆ, ಮಲಗುವ ಮುಂಚೆ, ಹೊರಗೆ ಹೊರಡುವ ಮುಂಚೆ ಮೂತ್ರಕ್ಕೆ ಕರೆದೊಯ್ಯಬೇಕು. ಐದು ನಿಮಿಷಗಳಿಗಿಂತ ಹೆಚ್ಚು ಕೂರಿಸಬಾರದು. ಜಾತ್ರೆಯ ಗದ್ದಲದಲ್ಲಿಯೂ ಬಸ್ಸಿನಲ್ಲಿಯೂ ಈ ರೂಢಿಯ ಪ್ರಯೋಜನವು ತಾನೇ ತಿಳಿದುಬರುವುದು.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನವು ಆರಂಭವಾದ ಮೇಲೆ ಅನೇಕ ಮನೆಗಳಲ್ಲಿ ಶೌಚಗೃಹಗಳು ಕಟ್ಟಲ್ಪಟ್ಟುವು. ಆದರೆ ಅವು ದೊಡ್ಡವರ ಅಳತೆಯವು. ಕತ್ತಲೆಯ ಕೋಣೆಯಲ್ಲಿ ಅಗಲವಾದ ಗುಂಡಿಯ ಮೇಲೆ ಕೂರಲು ಮಗುವು ಹೆದರಿದರೆ ಅದು ಹಟವಲ್ಲ. ಬಾಗಿಲನ್ನು ತೆರೆದಿಟ್ಟು, ಕೈಹಿಡಿದು, ಪಾದಗಳು ನೆಲದ ಮೇಲೆ ಗಟ್ಟಿಯಾಗಿ ಊರುವಂತೆ ಕೂರಿಸಬೇಕು. ಎಳೆಯ ಮಗುವಿಗೆ ಚಿಕ್ಕ ಕುಂಡವನ್ನಾದರೂ ಇಡಬೇಕು. ಅದು ಎತ್ತಬಲ್ಲ ಚಿಕ್ಕ ತಂಬಿಗೆಯನ್ನು ಒದಗಿಸಬೇಕು. ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕೆಂಬುದನ್ನು ಮೊದಲಿನಿಂದಲೇ ರೂಢಿಸಬೇಕು. ಇದರಿಂದ ಮೂತ್ರನಾಳದ ಸೋಂಕು ತಪ್ಪುವುದು. ಅನಂತರ ಸಾಬೂನಿನಿಂದ ಕೈ ತೊಳೆಸಬೇಕು. ಕೂಸಿನ ಮಲದಿಂದ ಅಪಾಯವಿಲ್ಲವೆಂದು ಚರಂಡಿಗೆ ಎಸೆಯುವುದು ತಪ್ಪು. ಅದರಲ್ಲಿಯೂ ರೋಗಾಣುಗಳಿರುವುದರಿಂದ ಶೌಚಗೃಹಕ್ಕೇ ಹಾಕತಕ್ಕದ್ದು.

ಉಡುಪಿನ ವಿಷಯದಲ್ಲಿಯೂ ಎಚ್ಚರ ಬೇಕು. ಲಾಡಿಯ ಗಂಟನ್ನು ಬಿಚ್ಚಲಾರದೆ ಒದ್ದೆಮಾಡಿಕೊಂಡ ಮಗುವನ್ನು ಬೈಯುವುದು ಅನ್ಯಾಯ, ತಪ್ಪು ಗಂಟಿನದು. ಇಲಾಸ್ಟಿಕ್ ಇರುವ ಚಡ್ಡಿಯನ್ನು ತೊಡಿಸಿದರೆ ಅರ್ಧ ಕಷ್ಟವು ನೀಗುವುದು. 1939ರಲ್ಲಿ ಭಾರತಕ್ಕೆ ಬಂದು ಮದ್ರಾಸಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಉಪಾಧ್ಯಾಯರನ್ನು ತರಬೇತುಗೊಳಿಸಿದ ಮಾರಿಯಾ ಮಾಂಟೆಸೊರಿಯವರ ಪದ್ಧತಿಯಲ್ಲಿ ಗುಂಡಿ ಹಾಕುವ, ಗಂಟು ಕಟ್ಟುವ ಚೌಕಟ್ಟುಗಳು ಪಾಠೋಪಕರಣಗಳಾಗಿವೆ. ನಮ್ಮ ಮನೆಗಳಲ್ಲಿ ಹಳೆಯ ಅಂಗಿಯೊಂದನ್ನು ಮಗುವಿನ ಮುಂದಿಟ್ಟರೆ ಅದೇ ಚೌಕಟ್ಟಿನ ಕೆಲಸವನ್ನು ಮಾಡುವುದು.

ಬೈಗುಳಕ್ಕೂ ನೋವಿಗೂ ಹೆದರಿದ ಮಗುವು ಮಲವನ್ನು ತಡೆಯುವುದು. ತಡೆದಷ್ಟೂ ಮಲವು ಗಟ್ಟಿಯಾಗುವುದು. ಗಟ್ಟಿಯಾದಷ್ಟೂ ನೋವು ಹೆಚ್ಚುವುದು. ನೋವಿಗೆ ಹೆದರಿ ಮತ್ತೆ ತಡೆಯುವುದು. ಕಡೆಗೆ ಗಟ್ಟಿಯಾದ ಮಲದ ಪಕ್ಕದಿಂದ ತೆಳುವಾದುದು ತಾನಾಗಿ ಸೋರಿ ಚಡ್ಡಿಯು ಕೊಳೆಯಾಗುವುದು. ಇದನ್ನು ಸೋಮಾರಿತನವೆಂದು ಹೊಡೆಯುವವರುಂಟು. ಮಗುವಿಗೆ ಆಗ ಬೇಕಾದುದು ವೈದ್ಯರು, ನೀರು, ಸೊಪ್ಪು, ಹಣ್ಣು ಮತ್ತು ತಾಳ್ಮೆ. ರಾತ್ರಿ ಹಾಸಿಗೆಯಲ್ಲಿ ಮೂತ್ರವಾಗುವುದು ಐದು ವರ್ಷದವರೆಗೆ ರೋಗವೇ ಅಲ್ಲ. ಆಮೇಲೆಯೂ ಮುಂದುವರಿದರೆ ವೈದ್ಯರನ್ನು ಕೇಳಬೇಕಲ್ಲದೆ ಮಗುವನ್ನು ಇತರರೆದುರು ಅಪಹಾಸ್ಯ ಮಾಡಬಾರದು. ಮೂತ್ರದಲ್ಲಿ ಉರಿ, ಜ್ವರ ಅಥವಾ ರಕ್ತ ಕಂಡರೂ, ಬಹುದಿನ ಒಣಗಿದ್ದ ಮಗುವು ಒಮ್ಮೆಲೇ ಒದ್ದೆಮಾಡಿಕೊಳ್ಳುತ್ತ ಅತಿಯಾಗಿ ನೀರು ಕುಡಿಯತೊಡಗಿದರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಎರಡನೆಯದು ಮಧುಮೇಹದ ಲಕ್ಷಣವಾಗಿರಬಹುದು.

ನಾಲ್ಕನೆಯದು ನಿದ್ದೆ. 3 ಮತ್ತು 4 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10 ರಿಂದ 13 ಗಂಟೆಗಳ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿತು. ಸಂಜೆಯ ಹೊತ್ತಿಗೆ ಕಾರಣವಿಲ್ಲದೆ ರಂಪ ಮಾಡುವ ಮಗುವಿಗೆ ಬೇಕಾದುದು ಬಹುಮಟ್ಟಿಗೆ ಗದರಿಕೆಯಲ್ಲ, ಹಾಸಿಗೆ. "ನಿನ್ನ ಕಣ್ಣು ಭಾರ ಆಗ್ಯಾವ" ಎಂದು ಹೇಳಿ ಕಲಿಸಿದರೆ ಕೆಲವು ದಿನಗಳಲ್ಲಿ ಅದು ತಾನೇ ಚಾಪೆಯತ್ತ ನಡೆಯುವುದು.

ದೇಹದ ಎಲ್ಲ ಅಂಗಗಳ ಹೆಸರುಗಳನ್ನೂ ಮರ್ಯಾದೆಯ ಮಾತಿನಲ್ಲಿ ಕಲಿಸಬೇಕು. ಬಟ್ಟೆಯಿಂದ ಮುಚ್ಚಿದ ಅಂಗಗಳನ್ನು, ಶುಚಿಮಾಡುವ ಹೆತ್ತವರೂ ಅವರ ಎದುರಿನಲ್ಲಿ ಪರೀಕ್ಷಿಸುವ ವೈದ್ಯರೂ ಹೊರತು, ಬೇರೆಯವರು ಮುಟ್ಟಲಾಗದೆಂದೂ, ಮುಟ್ಟಿದರೆ ಕೂಗಿ ಹೇಳಬೇಕೆಂದೂ ತಿಳಿಸಬೇಕು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಪೋಕ್ಸೋ ಕಾಯಿದೆಯು ಜಾರಿಗೆ ಬಂದಿತು. 1098 ಎಂಬ ಸಹಾಯವಾಣಿಯೂ ಇದೆ. ಆದರೆ ತನ್ನ ದೇಹದ ಮಾತನ್ನು ಆಡಿದಾಗಲೆಲ್ಲ ಗದರಿಸಲ್ಪಟ್ಟ ಮಗುವು ಕೇಡು ಬಂದ ದಿನವೂ ಬಾಯಿ ತೆರೆಯಲಾರದು. ಉಣ್ಣುವಾಗ ಅದು ಹೇಳಿದ "ಸಾಕು" ಎಂಬ ಮಾತಿಗೆ ಬೆಲೆ ಕೊಟ್ಟವರೇ ಅದರ "ಬೇಡ" ಎಂಬ ಮಾತಿಗೂ ಬಲ ಕೊಟ್ಟವರು.

ಹೆಣ್ಣುಮಕ್ಕಳ ಪಾಠಶಾಲೆಯವರಾದ ನಮಗೆ ಈ ವಿಷಯವು ಏಕೆ ಇಷ್ಟು ಮುಖ್ಯವೆಂದರೆ, ಇದರ ಭಾರವು ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. ಚಿಕ್ಕದು ತನ್ನ ಅಗತ್ಯವನ್ನು ಹೇಳಲಾರದೆಂಬ ಕಾರಣದಿಂದ ಅಂಗನವಾಡಿಗೆ ಕಳುಹಿಸದೆ, ಅದನ್ನು ನೋಡಿಕೊಳ್ಳಲು ಹತ್ತು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಮನೆಯಲ್ಲಿ ನಿಲ್ಲಿಸುವುದುಂಟು. ತಮ್ಮನಿಗೆ ಕಲಿಸಿದ ಒಂದು ಮಾತು ಅಕ್ಕನಿಗೆ ಒಂದು ವರ್ಷದ ವಿದ್ಯೆಯನ್ನು ಉಳಿಸಬಲ್ಲುದು. ಅಲ್ಲದೆ, ಹುಡುಗನು ಎಲ್ಲಿ ನಿಂತರೂ ಸುಮ್ಮನಿರುವವರು ಹುಡುಗಿಗೆ "ತಡಕೋ" ಎನ್ನುವರು. ಹೀಗೆ ಮೂರನೆಯ ವರ್ಷದಿಂದ ತಡೆದುಕೊಳ್ಳಲು ಕಲಿತವಳು ಹದಿಮೂರನೆಯ ವರ್ಷದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ತರಗತಿಯಲ್ಲಿ ಕುಳಿತಿರುವಳು. ತಲೆನೋವೂ ಉರಿಮೂತ್ರವೂ ಅವಳ ಪಾಲಾಗುವುವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗಳಲ್ಲಿ ಹುಡುಗಿಯರಿಗೆ ಪ್ರತ್ಯೇಕವಾದ ಶೌಚಗೃಹವಿರಬೇಕೆಂದು ವಿಧಿಸಿದೆ. ಗೋಡೆಯನ್ನು ಕಾಯಿದೆಯು ಕಟ್ಟಿಸೀತು. "ಟೀಚರ್, ಹೊರಗೆ ಹೋಗಿ ಬರುತ್ತೇನೆ" ಎಂದು ತಲೆಯೆತ್ತಿ ಕೇಳುವ ಧೈರ್ಯವನ್ನು ಮನೆಯೇ ಕಟ್ಟಬೇಕು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು, ಇನ್ನು ಕೆಲವರು ಶಿಕ್ಷಕಿಯರು. ನಾಳೆಯ ದಿನವೇ ಮನೆಯ ಕುಡಿಯುವ ನೀರಿನ ಪಾತ್ರೆಯನ್ನು ಒಂದು ಮೊಳ ಕೆಳಗಿಡಿರಿ, ಚಡ್ಡಿಯ ಲಾಡಿಯನ್ನು ತೆಗೆದು ಇಲಾಸ್ಟಿಕ್ ಹಾಕಿರಿ, ಶೌಚಗೃಹದಲ್ಲಿ ಒಂದು ದೀಪವನ್ನೂ ಚಿಕ್ಕ ತಂಬಿಗೆಯನ್ನೂ ಇಡಿರಿ. ಮಗುವು ಏನನ್ನಾದರೂ ಹೇಳಲು ಬಂದಾಗ ಕೈಯ ಕೆಲಸವನ್ನು ಒಂದು ನಿಮಿಷ ನಿಲ್ಲಿಸಿ ಕಿವಿಗೊಡಿರಿ. ಇಷ್ಟು ಮಾಡಿದರೆ ಸಾಕು. ಮಿಕ್ಕುದನ್ನು ಮಗುವು ತಾನೇ ಕಲಿತುಕೊಳ್ಳುವುದು.