ಜಗಲಿಯ ಜರೀಗಿಡಗಳಿಗೆ ಬೀಳುವ ಕೀಟಗಳೂ ಅವುಗಳ ನಿವಾರಣೋಪಾಯವೂ

ಜಗಲಿಯಲ್ಲಿಯೂ ಪಡಸಾಲೆಯಲ್ಲಿಯೂ ಕುಂಡಗಳಲ್ಲಿ ಬೆಳೆಸುವ ಜರೀಗಿಡಗಳು ಅಲಂಕಾರಕ್ಕಾಗಿ ಇರತಕ್ಕವು. ಅವುಗಳ ಕೀಟಗಳ ವಿಚಾರವು ಭೂಮಿಯುಳ್ಳ ರೈತರಿಗೆ ಏತಕ್ಕೆಂದು ಕೆಲವರು ಕೇಳಬಹುದು. ಜರೀಗಿಡದ ರಸವನ್ನು ಹೀರುವ ಕಂದು ಶಲ್ಕಕೀಟವೇ ಕಾಫಿ, ಸೀಬೆ, ಕಿತ್ತಳೆ ಮೊದಲಾದ ಗಿಡಗಳಿಗೂ ಬೀಳುವುದು. ‘ಸೈಸೀಷಿಯ ಕಾಫಿಯೆ’ ಎಂಬ ಅದರ ಶಾಸ್ತ್ರೀಯ ನಾಮದಲ್ಲಿಯೇ ಕಾಫಿಯ ಹೆಸರು ಸೇರಿದೆ. ಆದಕಾರಣ ಪೇಟೆಯಿಂದ ತಂದ ಒಂದು ಕುಂಡದ ಮೂಲಕ ತೋಟಕ್ಕೆ ಉಪದ್ರವವು ಬರಬಹುದೆಂಬುದನ್ನು ತೋಟಗಾರರೂ ಗ್ರಾಮದ ಮುಖಂಡರೂ ಅರಿತಿರಬೇಕು.

೧. ಮೊದಲು ತಿಳಿಯತಕ್ಕ ಸಂಗತಿ

ಜರೀಗಿಡಕ್ಕೆ ಹೂವೂ ಬೀಜವೂ ಇಲ್ಲ. ಧೂಳಿನಂತಹ ಬೀಜಾಣುಗಳಿಂದ ಅದು ವಂಶಾಭಿವೃದ್ಧಿಯನ್ನು ಹೊಂದುವುದು. ಈ ಬೀಜಾಣುಗಳ ಗಂಟುಗಳು ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳಾಗಿ ಕಾಣುವುವು. ಇವುಗಳನ್ನೇ ಹುಳುವೆಂದು ಭ್ರಮಿಸಿ, ಆರೋಗ್ಯವಾಗಿರುವ ಗಿಡವನ್ನು ಕತ್ತರಿಸಿಹಾಕುವವರುಂಟು. ಬೀಜಾಣುಗಳ ಗಂಟುಗಳು ಸಾಲಾಗಿ, ಒಂದೇ ಅಳತೆಯಲ್ಲಿ, ಎಲ್ಲಾ ದಳಗಳಲ್ಲಿಯೂ ಒಂದೇ ಕ್ರಮದಲ್ಲಿರುವುವು. ಎಲೆಯ ದಂಟಿನ ಮೇಲೆ ಎಂದಿಗೂ ಇರುವುದಿಲ್ಲ. ಕೀಟಗಳಾದರೋ ದಂಟಿನ ಮೇಲೂ ನರದ ಪಕ್ಕದಲ್ಲಿಯೂ ಅಡ್ಡಾದಿಡ್ಡಿಯಾಗಿ ಕೂತಿರುವುವು. ಸಂದೇಹವಿದ್ದಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದು ನೋಡತಕ್ಕದ್ದು. ಒಣಗಿದ ಪುಡಿ ಉದುರಿದರೆ ಅದು ಬೀಜಾಣು. ಚಿಪ್ಪು ಇಡಿಯಾಗಿ ಕಳಚಿಬಂದರೆ ಅದು ಕೀಟ.

೨. ಕೀಟಗಳ ಗುರುತು

(ಅ) ಕಂದು ಶಲ್ಕಕೀಟ: ಬೆಳೆದ ಹೆಣ್ಣು ೨ರಿಂದ ೪ ಮಿಲಿಮೀಟರ್ ಅಗಲವಾಗಿ, ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿ, ಹೊಳೆಯುತ್ತಿರುವುದು. ಗಂಡಿನ ಸಂಯೋಗವಿಲ್ಲದೆಯೇ ಚಿಪ್ಪಿನಡಿ ನೂರಾರು ಮೊಟ್ಟೆಗಳನ್ನಿಡುವುದು. ಮರಿಗಳು ಹರಿದಾಡಿ ಎಳೆಯ ಭಾಗಗಳನ್ನು ಸೇರುವುವು. ಇವು ವಿಸರ್ಜಿಸುವ ಸಿಹಿಯಾದ ಅಂಟಿನ ಮೇಲೆ ಮಸಿಯಂತಹ ಬೂಷ್ಟು ಬೆಳೆಯುವುದು. ಆ ಸಿಹಿಗಾಗಿ ಇರುವೆಗಳು ಮುತ್ತಿ, ಕೀಟಗಳನ್ನು ಶತ್ರುಗಳಿಂದ ಕಾಪಾಡುವುವು. ಕುಂಡದ ಸುತ್ತ ಇರುವೆಗಳ ಸಾಲು ಕಂಡರೆ ಎಲೆಗಳ ಅಡಿಯನ್ನು ಕೂಡಲೆ ಪರೀಕ್ಷಿಸಬೇಕು.

(ಆ) ಹಿಟ್ಟು ತಿಗಣೆ: ಎಲೆಯ ಸಂದುಗಳಲ್ಲಿ ಹತ್ತಿಯ ಚೂರಿನಂತೆ ಬೆಳ್ಳಗೆ ಕಾಣುವುದು.

(ಇ) ನುಸಿ: ಬೇಸಗೆಯ ಒಣಗಾಳಿಯಲ್ಲಿ ಹೆಚ್ಚುವುದು. ಎಲೆಗಳ ಮೇಲೆ ಸೂಕ್ಷ್ಮವಾದ ಹಳದಿ ಚುಕ್ಕೆಗಳೂ ಅಡಿಯಲ್ಲಿ ತೆಳುವಾದ ಬಲೆಯೂ ಕಾಣುವುವು.

೩. ನಿವಾರಣೆಯ ಕ್ರಮ

ಹೊಸದಾಗಿ ತಂದ ಕುಂಡವನ್ನು ೩ ವಾರಗಳ ಕಾಲ ಮಿಕ್ಕ ಗಿಡಗಳಿಂದಲೂ ತೋಟದಿಂದಲೂ ದೂರವಿಟ್ಟು ಪರೀಕ್ಷಿಸುತ್ತಿರಬೇಕು. ಕೀಟವು ಬಲವಾಗಿ ಹಿಡಿದ ಎಲೆಗಳನ್ನು ಬುಡದವರೆಗೆ ಕತ್ತರಿಸಿ ಸುಡತಕ್ಕದ್ದು, ತಿಪ್ಪೆಗೆ ಹಾಕಕೂಡದು. ಉಳಿದ ಕೀಟಗಳನ್ನು ಒದ್ದೆಯ ಅರಿವೆಯಿಂದ ಒರಸಿ ತೆಗೆಯಬೇಕು. ನುಸಿಗೆ ಎಲೆಯ ಅಡಿಯನ್ನು ತಣ್ಣೀರಿನಿಂದ ಆಗಾಗ್ಗೆ ತೊಳೆಯುವುದೇ ಉತ್ತಮವಾದ ಉಪಾಯ.

ಇಷ್ಟರಿಂದ ಹತೋಟಿಗೆ ಬಾರದಿದ್ದರೆ ಒಂದು ಲೀಟರ್ ನೀರಿಗೆ ೫ ಗ್ರಾಂನಂತೆ ಸೌಮ್ಯವಾದ ಸಾಬೂನನ್ನು ಕರಗಿಸಿ, ಸಂಜೆ ಎಲೆಯ ಎರಡು ಮಗ್ಗುಲಿಗೂ ಸಿಂಪಡಿಸಿ, ಕೆಲವು ಗಂಟೆಗಳ ಮೇಲೆ ಶುದ್ಧವಾದ ನೀರಿನಿಂದ ತೊಳೆಯತಕ್ಕದ್ದು. ಬಟ್ಟೆ ಒಗೆಯುವ ಪುಡಿ ಕೂಡದು. ಚಿಪ್ಪಿನಡಿಯ ಮೊಟ್ಟೆಗಳು ಒಂದೇ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಂತೆ ಮೂರು ಸಲ ಹೀಗೆ ಮಾಡಬೇಕು. ಜರೀಗಿಡದ ಎಲೆ ಬಹಳ ಕೋಮಲವಾದುದು. ಆದ್ದರಿಂದ ಮೊದಲು ಒಂದೇ ಎಲೆಗೆ ಸಿಂಪಡಿಸಿ, ಎರಡು ದಿನ ಕಾದು, ಎಲೆ ಸುಡದಿದ್ದರೆ ಮಾತ್ರ ಇಡೀ ಗಿಡಕ್ಕೆ ಪ್ರಯೋಗಿಸತಕ್ಕದ್ದು. ಸೀಮೆಎಣ್ಣೆ ಬೆರೆತ ದ್ರಾವಣವು ಎಲೆಯನ್ನು ಸುಡುವುದು. ಹಿಂದೆ ವಾಡಿಕೆಯಲ್ಲಿದ್ದ ಹೊಗೆಸೊಪ್ಪಿನ ಕಷಾಯವು ಮನುಷ್ಯರಿಗೂ ವಿಷ. ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಉಪಯೋಗಿಸಲೇಕೂಡದು.

೪. ಮಿತ್ರಕೀಟವನ್ನು ಕೊಲ್ಲಬಾರದು

ಕಾಫಿಯ ಹಸುರು ಶಲ್ಕಕೀಟದ ನಿವಾರಣೆಗಾಗಿ ೧೮೯೮ರಲ್ಲಿ ಆಸ್ಟ್ರೇಲಿಯಾ ದೇಶದಿಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತರಲಾಯಿತು. ಮುಖ್ಯವಾಗಿ ಹಿಟ್ಟು ತಿಗಣೆಗಳನ್ನು ತಿಂದು ಬದುಕುವ ಈ ಹುಳುವನ್ನು ಈಗ ಸಾಕಿ ತೋಟಗಳಲ್ಲಿ ಬಿಡುವುದುಂಟು. ಇದರ ಮರಿಯ ಮೈಮೇಲೂ ಬಿಳಿಯ ಮೇಣದ ಎಳೆಗಳಿರುವುದರಿಂದ ನೋಡುವವರಿಗೆ ಅದೂ ಹಿಟ್ಟು ತಿಗಣೆಯೇ ಎಂದು ತೋರುವುದು. ತಿಗಣೆಗಿಂತ ದೊಡ್ಡದಾಗಿ, ಎಳೆಗಳು ಉದ್ದವಾಗಿ, ಚುರುಕಾಗಿ ಓಡಾಡುತ್ತಿದ್ದರೆ ಅದು ಮಿತ್ರನೆಂದು ತಿಳಿದು ಬಿಟ್ಟುಬಿಡತಕ್ಕದ್ದು. ತೋಟದಲ್ಲಿ ತೀಕ್ಷ್ಣವಾದ ವಿಷವನ್ನು ಸಿಂಪಡಿಸಿದರೆ ಶತ್ರುವಿಗಿಂತ ಮುಂಚೆ ಈ ಮಿತ್ರನೇ ನಾಶವಾಗಬಹುದು.

ವಾರಕ್ಕೊಮ್ಮೆ ಎಲೆಯನ್ನು ಮಗುಚಿ ನೋಡುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಕಲಿಸಬೇಕು. ಜಗಲಿಯಲ್ಲಿ ಹತ್ತು ಕೀಟಗಳನ್ನು ಒರಸಿ ತೆಗೆಯುವುದು ಗಳಿಗೆಯ ಕೆಲಸ. ಅವು ತೋಟವನ್ನು ಸೇರಿದ ಮೇಲೆ ಕೂಲಿಯೂ ಖರ್ಚೂ ಯಜಮಾನನ ತಲೆಯ ಮೇಲೆ ಬೀಳುವುವು.