ಎಂಟು ನೂರು ಅಡಿಯ ಕೇಬಲ್

ಚಾಮರಾಜನಗರದ ಬಳಿಯ ಹರದನಹಳ್ಳಿಯ ಹೊರಗೆ, ಬಾಳೆತೋಟದ ನಡುವೆ, ಬೋರ್‌ವೆಲ್‌ನಿಂದ ಮೋಟರ್ ಎತ್ತುತ್ತಿದ್ದಾರೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರ ನೆತ್ತಿಯಲ್ಲಿ ಕಪ್ಪಿ, ಕಪ್ಪಿಯಿಂದ ಇಳಿಬಿದ್ದ ಉಕ್ಕಿನ ಹಗ್ಗ. ಇಪ್ಪತ್ತು ಅಡಿಯ ಪೈಪೊಂದು ಮೇಲೆ ಬರುತ್ತದೆ, ಕ್ಲ್ಯಾಂಪು ಕಚ್ಚುತ್ತದೆ, ಇಬ್ಬರು ರೆಂಚು ಹಾಕಿ ತಿರುವುತ್ತಾರೆ, ಪೈಪು ಬದಿಗೆ ಸರಿಯುತ್ತದೆ. ಮತ್ತೆ ಇನ್ನೊಂದು. ಹೀಗೆ ನಲವತ್ತು ಬರಬೇಕು. ಪೈಪಿನ ಮೈಗೆ ಕಟ್ಟಿದ ಚಪ್ಪಟೆ ಕೇಬಲ್ಲೂ ಕೆಸರು ಮೆತ್ತಿಕೊಂಡು ಜೊತೆಗೇ ಏರುತ್ತದೆ. ಕಟ್ಟು ಬಿಚ್ಚುವ ಹುಡುಗ ಅದನ್ನು ಬಾಳೆಯ ಬುಡದಲ್ಲಿ ಸುರುಳಿ ಸುತ್ತುತ್ತಾನೆ.

ಕೊನೆಗೆ ಮೋಟರ್ ಬಂತು. ಮೆಕ್ಯಾನಿಕ್ ಕುಕ್ಕರಗಾಲಲ್ಲಿ ಕೂತು ಜಾಯಿಂಟಿನ ಟೇಪನ್ನು ಬ್ಲೇಡಿನಿಂದ ಸೀಳಿದ. ಒಳಗೆ ತಾಮ್ರದ ಎಳೆಗಳು ಕಪ್ಪಿಟ್ಟಿದ್ದವು. ಮೇಲಿನ ಪಿವಿಸಿ ಗಡಸಾಗಿ, ಉಗುರು ತಾಗಿದರೆ ಬಿರುಕು ಬಿಡುವಂತಿತ್ತು. ಸುಟ್ಟ ವೈಂಡಿಂಗಿನ ವಾಸನೆ ಸುತ್ತ ನಿಂತವರೆಲ್ಲರ ಮೂಗಿಗೆ ಬಡಿಯಿತು.

"ಮೋಟ್ರುದು ತಪ್ಪಿಲ್ಲ ಕಣಣ್ಣ. ವಯರ್ ಸಣ್ಣದಾಯ್ತು," ಎಂದ.

ತೋಟದ ಯಜಮಾನರು ಮಾತಾಡಲಿಲ್ಲ. ಮೊದಲು ಪಂಪು ಐದು ನೂರು ಅಡಿಯಲ್ಲಿತ್ತು. ನೀರು ಕೆಳಗಿಳಿದಂತೆ ಪೈಪು ಸೇರಿಸಿದರು, ಅದೇ ಅಳತೆಯ ಕೇಬಲ್ಲಿಗೆ ತುಂಡು ಜೋಡಿಸಿದರು. ಈ ಸೀಮೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಆಳ ಹೆಚ್ಚಿತು, ತಾಮ್ರ ದಪ್ಪವಾಗಲಿಲ್ಲ.

ಲೆಕ್ಕ ಹಾಕಿ ನೋಡಬೇಕು. ಏಳೂವರೆ ಎಚ್‌ಪಿ ಮೋಟರ್ 415 ವೋಲ್ಟಿನಲ್ಲಿ ಸುಮಾರು 12 ಆಂಪಿಯರ್ ಎಳೆಯುತ್ತದೆ. ಎಂಟು ನೂರು ಅಡಿ ಆಳ, ಅಲ್ಲಿಂದ ಸ್ಟಾರ್ಟರ್ ಮನೆಗೆ ಇನ್ನೂರು ಅಡಿಯಷ್ಟು: ಒಟ್ಟು ಮುನ್ನೂರು ಮೀಟರ್. 2.5 ಚದರ ಮಿಲಿಮೀಟರ್ ತಾಮ್ರವಾದರೆ ದಾರಿಯಲ್ಲೇ 42 ವೋಲ್ಟ್ ಹೋಗುತ್ತದೆ, 4 ಆದರೆ 26, 6 ಆದರೆ 17ರ ಆಸುಪಾಸು. 12 ಆಂಪಿಯರ್ ಹೊರುವ ತಾಕತ್ತು ಮೂರಕ್ಕೂ ಇದೆ. ಅಂಗಡಿಯಲ್ಲಿ ಎಚ್‌ಪಿ ಒಂದನ್ನೇ ಹೇಳಿ ಕೇಬಲ್ ಕೇಳಿದವರು ಸೋಲುವುದು ಇಲ್ಲಿಯೇ. ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೆ ಮೋಟರಿನ ತಿರುಗುಬಲ ಐದರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಅದೇ ನೀರೆತ್ತಲು ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಕಾಯುತ್ತದೆ. ಬೇಸಿಗೆಯಲ್ಲಿ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೋಟರುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಲೈನಿನಲ್ಲೇ 415 ಇರುವುದಿಲ್ಲ.

ದೂರ ಹೆಚ್ಚಿದಷ್ಟೂ ವಿದ್ಯುತ್ತು ಸೋರುತ್ತದೆ ಎಂಬ ಪಾಠವನ್ನು ನಮ್ಮ ಪಕ್ಕದ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲೇ ಕಲಿಸಿತ್ತು. ಅಲ್ಲಿಂದ ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೆ ನೂರೈವತ್ತು ಕಿಲೋಮೀಟರಿನಷ್ಟು ದೂರ ಕರೆಂಟ್ ಸಾಗಿಸಲು ವೋಲ್ಟೇಜನ್ನೇ ಬಹಳ ಮೇಲಕ್ಕೇರಿಸಿದರು. ಬೋರ್‌ವೆಲ್ಲಿನಲ್ಲಿ ಆ ದಾರಿ ಇಲ್ಲ. ರೈತನ ಕೈಲಿರುವುದು ತಾಮ್ರದ ದಪ್ಪ ಮಾತ್ರ.

ಪಕ್ಕದ ಅರಿಸಿನದ ಹೊಲದಲ್ಲಿ ಸೋಲಾರ್ ಪ್ಯಾನಲ್ಲುಗಳು ಬಿಸಿಲಿಗೆ ಮುಖ ಮಾಡಿ ನಿಂತಿವೆ. ಕೆಳಗಿನ ಪೆಟ್ಟಿಗೆಯಲ್ಲಿ ಸ್ಟಾರ್ಟರ್ ಬದಲು ಡ್ರೈವ್ ಇದೆ. ಬಿಸಿಲೇರಿದಂತೆ ಮೋಟರ್ ವೇಗ ಹೆಚ್ಚಿಸುತ್ತದೆ, ಮೋಡ ಬಂದರೆ ಇಳಿಸುತ್ತದೆ. ಮೋಟರಿನ ವೇಗ ಬದಲಿಸುವ ಈ ತತ್ವವೇ ಕಲ್ಲು ಕೊಯ್ಯುವ ಫ್ಯಾಕ್ಟರಿಯ ಡ್ರೈವಿನದೂ. ನನ್ನ ಕಳವಳ ಈ ಪೆಟ್ಟಿಗೆಯಿಂದ ಹೊರಡುವ ಕೇಬಲ್ಲಿನ ಬಗ್ಗೆ. ಡ್ರೈವ್ ಕೊಡುವುದು ನುಣುಪಾದ ಕರೆಂಟ್ ಅಲ್ಲ, ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿದ ಪೆಟ್ಟುಗಳು. ಕಾಲುವೆಯ ಅಲೆ ಗೋಡೆಗೆ ಬಡಿದು ಎತ್ತರ ಏಳುವ ಹಾಗೆ, ಉದ್ದ ಕೇಬಲ್ಲಿನ ಕೊನೆಯಲ್ಲಿ ಪ್ರತಿ ಪೆಟ್ಟೂ ಎದ್ದು ನಿಲ್ಲುತ್ತದೆ. 415 ವೋಲ್ಟ್ ಲೈನಿಗೆ ಕೂಡಿಸಿದ ಡ್ರೈವಿನೊಳಗೆ ಸುಮಾರು 590 ವೋಲ್ಟ್ ಡಿಸಿ ಇರುತ್ತದೆ. ಮೋಟರಿನ ತುದಿಯಲ್ಲಿ ಅದು ಇಮ್ಮಡಿಯವರೆಗೂ ಹೋಗಬಹುದು. ಎಂಟು ನೂರು ಅಡಿ ಕೆಳಗೆ ವೈಂಡಿಂಗಿನ ಹೊದಿಕೆ ಈ ಏಟು ತಿನ್ನುತ್ತಿರುವುದು ಮೇಲೆ ನಿಂತವರಿಗೆ ತಿಳಿಯುವುದೇ ಇಲ್ಲ. ಇಷ್ಟುದ್ದದ ಕೇಬಲ್ಲಿಗೆ ಡ್ರೈವಿನ ಬಾಯಲ್ಲೇ ಈ ಪೆಟ್ಟುಗಳನ್ನು ನುಣುಪಾಗಿಸುವ ಸೈನ್ ವೇವ್ ಫಿಲ್ಟರ್ ಇರಲೇಬೇಕು. ಅದನ್ನು ಬಿಟ್ಟು ಅಗ್ಗದ ದರ ಕೊಡುವುದು ರೈತನಿಗೆ ಮಾಡುವ ಅನ್ಯಾಯ.

ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಡ್ರೈವ್ ಕೂರಿಸುವವರಿಗೆ ಉದ್ದದ ತಲೆನೋವು ಕಡಿಮೆ, ಬೇರೆಯದು ಹೆಚ್ಚು. ಡ್ರೈವಿನಿಂದ ಮೋಟರಿಗೆ ಮೂರು ಫೇಸಿನ ಎಳೆಗಳನ್ನು ಸಮನಾಗಿ ಹೊಸೆದು, ಸುತ್ತ ತಾಮ್ರದ ಜಾಲರಿ ಹೊದಿಸಿದ ಕೇಬಲ್ ಒಳ್ಳೆಯದು. ಜಾಲರಿಯನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಬೇಕು. ಇಲ್ಲವಾದರೆ ಅಡ್ಡದಾರಿ ಹಿಡಿದ ಕರೆಂಟ್ ಬೇರಿಂಗಿನ ಮೂಲಕ ಹರಿದು ಅದನ್ನು ಕೊರೆಯುತ್ತದೆ, ಸೆನ್ಸಾರುಗಳು ಸುಳ್ಳು ಹೇಳತೊಡಗುತ್ತವೆ. ಸೆನ್ಸಾರ್ ವಯರನ್ನು ಮೋಟರ್ ಕೇಬಲ್ಲಿನ ಟ್ರೇಯಲ್ಲಿ ಹಾಕಲೇಬಾರದು. ಪಿವಿಸಿ ಹೊದಿಕೆ 70 ಡಿಗ್ರಿ ಬಿಸಿ ತಾಳಿದರೆ ಎಕ್ಸ್‌ಎಲ್‌ಪಿಇ 90 ತಾಳುತ್ತದೆ. ಡ್ರೈವಿನ ಪೆಟ್ಟಿಗೂ ಅದೇ ಗಟ್ಟಿ.

ತೋಟದಲ್ಲಿ ಮೆಕ್ಯಾನಿಕ್ ಹಳೆಯ ಕೇಬಲ್ಲನ್ನು ಬೆರಳಲ್ಲಿ ಹಿಡಿದು ತೋರಿಸುತ್ತಿದ್ದ. "ಆರರದು ತತ್ತಾ ಅಣ್ಣ. ನಡುವೆ ಜಾಯಿಂಟ್ ಬ್ಯಾಡ, ಒಂದೇ ಉದ್ದ." ಯಜಮಾನರು ದರ ಕೇಳಿ ಹುಬ್ಬೇರಿಸಿದರು. ಸುಟ್ಟ ಮೋಟರಿನ ರಿವೈಂಡಿಂಗು, ನಲವತ್ತು ಪೈಪು ಎತ್ತಿ ಇಳಿಸುವ ಕೂಲಿ, ನೀರಿಲ್ಲದೆ ಬಾಡುವ ಬಾಳೆ: ಎಲ್ಲ ಕೂಡಿಸಿ ನೋಡಿದರೆ ಅದರ ಮುಂದೆ ಎರಡು ಅಳತೆಗಳ ದರದ ವ್ಯತ್ಯಾಸ ಹೆಚ್ಚೇನಲ್ಲ.

ಕೇಬಲ್ ಕೊಳ್ಳಲು ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೊರಡುವವರು ಎಚ್‌ಪಿಯ ಜೊತೆಗೆ ಇನ್ನೂ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಪಂಪು ಎಷ್ಟು ಅಡಿಯಲ್ಲಿದೆ, ಬಾವಿಯಿಂದ ಪ್ಯಾನಲ್ ಬೋರ್ಡಿಗೆ ಎಷ್ಟು ದೂರ, ಕೂರಿಸುವುದು ಸ್ಟಾರ್ಟರೋ ಡ್ರೈವೋ. ಇವನ್ನು ಕೇಳದೆ ಕೇಬಲ್ ಅಳೆಯಲು ಹೊರಟ ಅಂಗಡಿಯಿಂದ ಎದ್ದು ಬನ್ನಿ.