ಮೊದಲ ನೌಕರಿಗೇ ನವೋದ್ಯಮ: ಒಂದು ರೂಢಿ ಬೆಳೆದು ಬಂದ ಬಗೆ

ಎಂಜಿನಿಯರಿಂಗ್ ಮುಗಿಸಿದ ಕೂಡಲೇ ನವೋದ್ಯಮವೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಸೇರುವುದು ಇಂದಿನ ಬೆಂಗಳೂರಿನಲ್ಲಿ ಮಾಮೂಲು ಸಂಗತಿ. ಈ ರೂಢಿಗೆ ಹೆಚ್ಚೆಂದರೆ ಎರಡು ದಶಕದ ವಯಸ್ಸು. ಅದಕ್ಕೂ ಮುಂಚೆ ಮೊದಲ ನೌಕರಿ ಎಂದರೆ ಸಾವಿರಾರು ಜನರಿರುವ ಸಾಫ್ಟ್‌ವೇರ್ ಕಂಪನಿ. ಇನ್ನೂ ಹಿಂದಕ್ಕೆ ಹೋದರೆ ಸರ್ಕಾರಿ ಉದ್ಯಮಗಳಾದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ. ಐದಾರು ಜನರ ಕಂಪನಿಗೆ ಮಗನನ್ನೋ ಮಗಳನ್ನೋ ಕಳಿಸಲು ಮನೆಯವರು ಒಪ್ಪುವ ಸ್ಥಿತಿ ತಾನಾಗಿ ಬಂದದ್ದಲ್ಲ. ಅದರ ಹಿಂದೆ ದೊಡ್ಡ ಕಂಪನಿಗಳ ಇತಿಹಾಸವೇ ಇದೆ.

ಕರ್ನಾಟಕ ಸರ್ಕಾರ 1976ರಲ್ಲಿ ಎಲೆಕ್ಟ್ರಾನಿಕ್ಸ್ ಅಭಿವೃದ್ಧಿ ನಿಗಮವಾದ ಕಿಯೋನಿಕ್ಸ್ ಸ್ಥಾಪಿಸಿತು. ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ರೂಪುಗೊಂಡಿತು. ಏಳು ಎಂಜಿನಿಯರ್‌ಗಳು 10,000 ರೂಪಾಯಿ ಬಂಡವಾಳದಲ್ಲಿ 1981ರಲ್ಲಿ ಪುಣೆಯಲ್ಲಿ ಆರಂಭಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. ಅಂದಿನ ಲೆಕ್ಕದಲ್ಲಿ ಅದೂ ನವೋದ್ಯಮವೇ. ಆ ಹೆಸರು ಮಾತ್ರ ಆಗ ಬಳಕೆಯಲ್ಲಿರಲಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆದು ಉಪಗ್ರಹದ ಮೂಲಕ ಅಮೆರಿಕದ ಕಚೇರಿಗೆ ಸಂಪರ್ಕ ಕಲ್ಪಿಸಿಕೊಂಡಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳ ಯೋಜನೆ ಬಂತು. ಇತ್ತ ಕಾಲೇಜು ಪ್ರವೇಶಕ್ಕೆ ಸಿಇಟಿ ಜಾರಿಯಾಗಿ, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿ, ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು. ಕಂಪನಿಗಳಿಗೆ ಜನ ಬೇಕಿತ್ತು, ಕಾಲೇಜುಗಳು ಜನರನ್ನು ತಯಾರಿಸುತ್ತಿದ್ದವು. ಎರಡನ್ನೂ ಬೆಸೆದದ್ದು ಕ್ಯಾಂಪಸ್ ಸೆಲೆಕ್ಷನ್.

ಆ ವ್ಯವಸ್ಥೆಯ ಒಂದು ದೊಡ್ಡ ಗುಣವನ್ನು ಈಗ ಬಹುತೇಕರು ಮರೆತಿದ್ದಾರೆ: ಕಲಿಸುವ ಹೊಣೆಯನ್ನು ಕಂಪನಿ ಹೊರುತ್ತಿತ್ತು. ಆಪ್ಟಿಟ್ಯೂಡ್ ಪರೀಕ್ಷೆ ಪಾಸಾದರೆ ಸಿವಿಲ್, ಮೆಕ್ಯಾನಿಕಲ್ ಓದಿದವರಿಗೂ ಆಫರ್ ಸಿಗುತ್ತಿತ್ತು. ಇನ್ಫೋಸಿಸ್ ಮೈಸೂರಿನಲ್ಲಿ ಕಟ್ಟಿದ ತರಬೇತಿ ಕೇಂದ್ರದಲ್ಲಿ ಹೊಸಬರು ತಿಂಗಳುಗಟ್ಟಲೆ ಇದ್ದು, ಸಂಬಳ ಪಡೆಯುತ್ತಲೇ ಪ್ರೋಗ್ರಾಮಿಂಗ್ ಕಲಿಯುತ್ತಿದ್ದರು. ತರಬೇತಿ ಮುಗಿದ ಮೇಲೂ ಪ್ರಾಜೆಕ್ಟ್ ಸಿಗುವವರೆಗೆ ‘ಬೆಂಚ್’ ಮೇಲೆ ಕೂರಬಹುದಿತ್ತು. ಅದಕ್ಕೆ ಪ್ರತಿಯಾಗಿ ಹಲವು ಕಂಪನಿಗಳು ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಬಾಂಡ್ ಬರೆಸಿಕೊಳ್ಳುತ್ತಿದ್ದವು. ಹಳ್ಳಿಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್‌ನಲ್ಲಷ್ಟೇ ಇಂಗ್ಲಿಷಿಗೆ ಒಗ್ಗಿಕೊಂಡ ಒಂದು ಪೀಳಿಗೆಗೆ ಈ ತರಬೇತಿ ಕೊಟ್ಟ ನೆಲೆ ಸಣ್ಣದಲ್ಲ.

ಬದಲಾವಣೆ ಶುರುವಾದದ್ದು 2006ರ ಆಸುಪಾಸಿನಲ್ಲಿ, ಅದೂ ಇದೇ ಕಂಪನಿಗಳ ಒಳಗಿನಿಂದ. ಬೆಂಗಳೂರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದ ಫಣೀಂದ್ರ ಸಾಮ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ ಅನುಭವದಿಂದ ಗೆಳೆಯರೊಂದಿಗೆ ರೆಡ್‌ಬಸ್ ಕಟ್ಟಿದರು. ಅಮೆಜಾನ್ ತೊರೆದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಕೋರಮಂಗಲದಿಂದ ಪುಸ್ತಕ ಮಾರಲು ಫ್ಲಿಪ್‌ಕಾರ್ಟ್ ಆರಂಭಿಸಿದರು. 2008ರಲ್ಲಿ ಸುರತ್ಕಲ್‌ನ ಎನ್‌ಐಟಿಕೆ ವಿದ್ಯಾರ್ಥಿಗಳಾದ ಶಶಾಂಕ್ ಎನ್.ಡಿ. ಮತ್ತು ಅಭಿನವ್ ಲಾಲ್ ವೈದ್ಯರ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಒದಗಿಸುವ ಪ್ರ್ಯಾಕ್ಟೊ ಹುಟ್ಟುಹಾಕಿದರು. ಮೊದಲಿನವರು ನೌಕರಿ ಬಿಟ್ಟು ಬಂದರೆ, ಪ್ರ್ಯಾಕ್ಟೊದವರು ನೌಕರಿಯ ಮೆಟ್ಟಿಲನ್ನೇ ಹತ್ತಲಿಲ್ಲ.

ಇವರಿಗೆಲ್ಲ ಕಾಲವೂ ಒದಗಿಬಂತು. ಹಿಂದೆ ವೆಬ್‌ಸೈಟ್ ನಡೆಸಬೇಕೆಂದರೆ ಸರ್ವರ್ ಕೊಂಡು, ಅದಕ್ಕೆ ಜಾಗ, ವಿದ್ಯುತ್, ಕಾವಲು ಎಲ್ಲ ಹೊಂದಿಸಬೇಕಿತ್ತು. ಅಮೆಜಾನ್ 2006ರಲ್ಲಿ ಕ್ಲೌಡ್ ಸೇವೆ ತೆರೆದ ಮೇಲೆ ಸರ್ವರ್ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗತೊಡಗಿತು. ಲಿನಕ್ಸ್, ಮೈಎಸ್‌ಕ್ಯೂಎಲ್‌ನಂಥ ಮುಕ್ತ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಿರಲಿಲ್ಲ. 2008ರಲ್ಲಿ ಬಂದ ಗಿಟ್‌ಹಬ್ ಜಗತ್ತಿನ ಕೋಡ್ ಅನ್ನು ಯಾರು ಬೇಕಾದರೂ ಓದಿ ಕಲಿಯುವಂತೆ ಮಾಡಿತು. ಸಾಫ್ಟ್‌ವೇರ್ ಕಂಪನಿ ತೆರೆಯಲು ಬೇಕಾದ ದೊಡ್ಡ ಖರ್ಚು ಎಂಜಿನಿಯರ್‌ಗಳ ಸಂಬಳ ಮಾತ್ರ ಎಂಬ ಸ್ಥಿತಿ ಬಂತು. ಆದರೆ ಅನುಭವಿಗಳು ಭದ್ರ ಕೆಲಸ ಬಿಟ್ಟು ಬರಲು ಹಿಂಜರಿಯುತ್ತಿದ್ದರು. ಹೀಗೆ ಹೊಸಬರಿಗೆ ಬಾಗಿಲು ತೆರೆಯಿತು.

ಆರಂಭದಲ್ಲಿ ಈ ಬಾಗಿಲು ಪರಿಚಯದವರಿಗಷ್ಟೇ ಕಾಣುತ್ತಿತ್ತು: ಕಾಲೇಜಿನ ಸೀನಿಯರ್, ಹಾಸ್ಟೆಲ್‌ನ ಕೋಣೆಯ ಜೊತೆಗಾರ, ಗೆಳೆಯನ ತಮ್ಮ. ಫ್ಲಿಪ್‌ಕಾರ್ಟ್‌ಗೆ 2009ರಲ್ಲಿ ಆಕ್ಸೆಲ್ ಎಂಬ ಹೂಡಿಕೆ ಸಂಸ್ಥೆ, ಮರುವರ್ಷ ಟೈಗರ್ ಗ್ಲೋಬಲ್ ಹಣ ಹೂಡಿದ ಮೇಲೆ ಉಳಿದವರಿಗೂ ಬಂಡವಾಳ ಹರಿದುಬಂತು. ನವೋದ್ಯಮಗಳು ಕಾಲೇಜುಗಳಿಗೇ ಬರತೊಡಗಿದವು, ಆಯ್ಕೆಯ ರೀತಿಯೂ ಬದಲಾಯಿತು. ಆಪ್ಟಿಟ್ಯೂಡ್ ಪರೀಕ್ಷೆಯ ಜಾಗಕ್ಕೆ ಆನ್‌ಲೈನ್ ಕೋಡಿಂಗ್ ಪರೀಕ್ಷೆ ಬಂತು. ಅಲ್ಗಾರಿದಂ ಮತ್ತು ಡೇಟಾ ಸ್ಟ್ರಕ್ಚರ್ ಪ್ರಶ್ನೆಗಳನ್ನು ಬಿಡಿಸುವುದು ಕೊನೆಯ ವರ್ಷದ ಪ್ರತ್ಯೇಕ ವ್ರತದಂತಾಯಿತು. ಆರು ತಿಂಗಳ ಇಂಟರ್ನ್‌ಶಿಪ್ ಮಾಡಿಸಿ, ಕೆಲಸ ಮೆಚ್ಚಿಗೆಯಾದರೆ ಕಾಯಂ ಮಾಡಿಕೊಳ್ಳುವ ಪದ್ಧತಿ ಎಲ್ಲಕ್ಕಿಂತ ಹೆಚ್ಚು ಬೇರೂರಿತು. ಕಂಪನಿ ಮತ್ತು ಅಭ್ಯರ್ಥಿ ಪರಸ್ಪರರನ್ನು ಅರಿಯಲು ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ. ಆದರೆ ಇದರೊಂದಿಗೆ ಕಲಿಸುವ ಹೊಣೆ ಕಂಪನಿಯಿಂದ ಜಾರಿ ವಿದ್ಯಾರ್ಥಿಯ ಹೆಗಲೇರಿತು. ಒಳ್ಳೆಯ ಲ್ಯಾಪ್‌ಟಾಪ್, ವೇಗದ ಇಂಟರ್ನೆಟ್, ದಾರಿ ತೋರುವ ಸೀನಿಯರ್ ಇದ್ದವರು ಮುಂದೆ ಹೋದರು. ತಾಲ್ಲೂಕು ಕೇಂದ್ರದ ಕಾಲೇಜಿನ ಜಾಣರು ಹಿಂದೆ ಉಳಿದರು. ಈ ಬದಲಾವಣೆಯ ಅತಿ ದೊಡ್ಡ ನಷ್ಟ ಇದೇ.

ಕೆಲಸದ ಸ್ವರೂಪ ದೊಡ್ಡ ಕಂಪನಿಗಿಂತ ತೀರಾ ಬೇರೆ. ಸೇವಾ ಕಂಪನಿಯಲ್ಲಿ ಹೊಸಬರ ಕೈಗೆ ದೊಡ್ಡ ವ್ಯವಸ್ಥೆಯ ಒಂದು ಮೂಲೆ ಸಿಗುತ್ತದೆ. ಗ್ರಾಹಕರು ಸಾಗರದಾಚೆ ಇರುತ್ತಾರೆ. ಹತ್ತು ಜನರ ಕಂಪನಿಯಲ್ಲಿ ಸೇರಿದ ವಾರದಲ್ಲೇ ಬರೆದ ಕೋಡ್ ನಿಜವಾದ ಬಳಕೆದಾರರನ್ನು ತಲುಪಬಹುದು. ಬೆಳಿಗ್ಗೆ ಒಂದು ಬಗ್ ಸರಿಪಡಿಸಿದವರು ಮಧ್ಯಾಹ್ನ ಡೇಟಾಬೇಸ್ ನೋಡಿ, ಸಂಜೆ ಗ್ರಾಹಕರ ಫೋನ್ ಕರೆಗೂ ಉತ್ತರಿಸುತ್ತಾರೆ. ಸರ್ವರ್ ಕುಸಿದರೆ ರಾತ್ರಿ ಎರಡು ಗಂಟೆಗೂ ಏಳಬೇಕು; ಇದನ್ನು ‘ಆನ್ ಕಾಲ್’ ಎನ್ನುತ್ತಾರೆ. ತಪ್ಪು ಯಾರದೆಂದು ಹುಡುಕುವುದಕ್ಕಿಂತ ಅದು ಹೇಗಾಯಿತೆಂದು ಬರೆದಿಡುವ ಶಿಸ್ತು ಇರುವ ತಂಡದಲ್ಲಿ ಆ ಒಂದು ರಾತ್ರಿ ಪಠ್ಯಪುಸ್ತಕದ ಹಲವು ಅಧ್ಯಾಯಗಳಷ್ಟು ಕಲಿಸುತ್ತದೆ. ಅಂಥ ಶಿಸ್ತಿಲ್ಲದ ಕಡೆ ಅದು ಬರೀ ನಿದ್ದೆಗೇಡು. ಹೊಸಬರು ಬರೆದ ಪ್ರತಿ ಸಾಲನ್ನು ಓದಿ ತಿದ್ದುವ ಅನುಭವಿಯೊಬ್ಬರು ಇದ್ದಾರೆಯೇ ಎಂಬುದರ ಮೇಲೆ ಮೊದಲ ಎರಡು ವರ್ಷಗಳ ಕಲಿಕೆ ನಿಂತಿದೆ. ಕಚೇರಿಯ ಉಚಿತ ಊಟ, ಬೀನ್ ಬ್ಯಾಗ್‌ಗಳಿಂದ ಈ ಕೊರತೆ ತುಂಬುವುದಿಲ್ಲ.

ಸಂಬಳದ ಲೆಕ್ಕದಲ್ಲಿ ಹೊಸಬರು ಹೆಚ್ಚಾಗಿ ಎಡವುವುದು ಈಸಾಪ್ ವಿಷಯದಲ್ಲಿ. ನೌಕರರಿಗೆ ಮುಂದೊಂದು ದಿನ ಪೂರ್ವನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು ಕೊಡುವ ವ್ಯವಸ್ಥೆ ಇದು. ಇನ್ಫೋಸಿಸ್ 1994ರಲ್ಲೇ ಇದನ್ನು ತಂದು ಅನೇಕ ನೌಕರರನ್ನು ಸಿರಿವಂತರನ್ನಾಗಿಸಿತ್ತು. 2018ರಲ್ಲಿ ವಾಲ್‌ಮಾರ್ಟ್ 16 ಶತಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಸುಮಾರು 77% ಪಾಲು ಕೊಂಡಾಗ ಈಸಾಪ್ ಮತ್ತೆ ಮನೆಮಾತಾಯಿತು. ಸಾಮಾನ್ಯವಾಗಿ ಈ ಹಕ್ಕು ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ದಕ್ಕುತ್ತದೆ. ಭಾರತದ ಕಂಪನಿ ನಿಯಮಗಳ ಪ್ರಕಾರ ಮೊದಲ ಕಂತಿಗೆ ಕನಿಷ್ಠ ಒಂದು ವರ್ಷ ಕಾಯಲೇಬೇಕು. ಹನ್ನೊಂದನೇ ತಿಂಗಳಲ್ಲಿ ಬಿಟ್ಟವರಿಗೆ ಏನೂ ಸಿಗದು. ಷೇರು ಕೊಂಡಾಗ ಆ ದಿನದ ಮೌಲ್ಯಕ್ಕೂ ಕೊಂಡ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ, ಅಂದರೆ ಕೈಗೆ ಒಂದು ರೂಪಾಯಿಯೂ ಬರುವ ಮುಂಚೆ. 2020ರ ಬಜೆಟ್ ಈ ತೆರಿಗೆಯನ್ನು ಮುಂದೂಡಲು ಅವಕಾಶ ಕೊಟ್ಟರೂ, ಅದು ವಿಶೇಷ ಮಾನ್ಯತೆ ಪಡೆದ ನವೋದ್ಯಮಗಳಿಗೆ ಮಾತ್ರ. ಷೇರುಪೇಟೆಗೆ ಬಾರದ ಕಂಪನಿಯ ಷೇರನ್ನು ಬೇಕೆಂದಾಗ ಮಾರಲಾಗದು. ಆದ್ದರಿಂದ ಆಫರ್ ಲೆಟರ್‌ನಲ್ಲಿ ‘ಒಟ್ಟು ಪ್ಯಾಕೇಜ್’ ಎಂದು ಬರೆದ ಮೊತ್ತದಿಂದ ಈಸಾಪ್ ಕಳೆದು ಉಳಿದದ್ದನ್ನೇ ಸಂಬಳವೆಂದು ಎಣಿಸುವುದು ಕ್ಷೇಮ. ಇನ್ನೊಂದು ಸಣ್ಣ ವಿವರ: ಭವಿಷ್ಯ ನಿಧಿ ಕಾಯ್ದೆ ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ತೀರಾ ಚಿಕ್ಕ ಕಂಪನಿಯಲ್ಲಿ ಪಿ.ಎಫ್. ಇಲ್ಲದಿರಬಹುದು.

ಸರ್ಕಾರಗಳು ಈ ದಾರಿಗೆ ಮುದ್ರೆ ಒತ್ತಿದ್ದು ಅದು ತುಳಿದು ಸವೆದ ನಂತರ. ಕರ್ನಾಟಕ 2015ರಲ್ಲಿ ನವೋದ್ಯಮ ನೀತಿ ತಂದಿತು. 2016ರ ಜನವರಿಯಲ್ಲಿ ಕೇಂದ್ರದ ‘ಸ್ಟಾರ್ಟಪ್ ಇಂಡಿಯಾ’ ಆರಂಭವಾಯಿತು. ಅದೇ ವರ್ಷ ಇನ್ನೊಂದು ಮುಖವೂ ಕಂಡಿತು. ಕ್ಯಾಂಪಸ್‌ನಲ್ಲಿ ಆಫರ್ ಕೊಟ್ಟ ಹಲವು ಕಂಪನಿಗಳು ಸೇರುವ ದಿನವನ್ನು ಮುಂದೂಡಿದವು, ಕೆಲವು ಆಫರ್‌ಗಳನ್ನೇ ಹಿಂಪಡೆದವು. ಐಐಟಿಗಳ ಉದ್ಯೋಗ ಸಮಿತಿ 31 ಕಂಪನಿಗಳನ್ನು ಒಂದು ವರ್ಷ ಹೊರಗಿಟ್ಟಿತು. ಐಐಟಿಗಳಿಗೆ ಆ ಬಲವಿತ್ತು. ಸಾಮಾನ್ಯ ಕಾಲೇಜುಗಳಿಗೆ ಇಲ್ಲ. 2021ರಲ್ಲಿ ಹಣದ ಪ್ರವಾಹವೇ ಬಂದು, ಒಂದೇ ವರ್ಷದಲ್ಲಿ ದೇಶದ ನಲವತ್ತಕ್ಕೂ ಹೆಚ್ಚು ನವೋದ್ಯಮಗಳು ನೂರು ಕೋಟಿ ಡಾಲರ್ ಮೌಲ್ಯ ದಾಟಿದವು. ಮರುವರ್ಷ ಬಂಡವಾಳ ಬತ್ತಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಹೊಸಬರೂ ಇದ್ದರು.

ಈ ನೌಕರಿಗೆ ಬೆಂಗಳೂರೇ ಬೇಕೆಂದಿಲ್ಲ. ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲೇ ರೋಬೋಸಾಫ್ಟ್ ಆರಂಭಿಸಿ, ಕರಾವಳಿಯ ಪದವೀಧರರಿಗೆ ಊರಿನಲ್ಲೇ ಕೆಲಸ ಕೊಟ್ಟಿದ್ದರು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಹೊಸ ಕಂಪನಿಗಳಿಗೆ ನೆಲೆ ಒದಗಿಸಿದೆ. ಇಂಥ ಊರುಗಳಲ್ಲಿ ಸಂಬಳ ಕಡಿಮೆ, ಆದರೆ ಪಿ.ಜಿ. ಬಾಡಿಗೆಯೂ ಟ್ರಾಫಿಕ್ಕೂ ಕಡಿಮೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡ್‌ಗಳನ್ನು ಯಂತ್ರವೇ ಬರೆಯುತ್ತಿದೆ. ಬರೆದದ್ದು ಸರಿಯೇ ಎಂದು ಓದಿ ತೀರ್ಮಾನಿಸುವ ಸಾಮರ್ಥ್ಯವನ್ನು ಕಂಪನಿಗಳು ಮೊದಲ ದಿನದಿಂದಲೇ ಬಯಸುತ್ತಿವೆ. ಕಲಿಕೆಯ ಹೊಣೆ ವಿದ್ಯಾರ್ಥಿಯ ಮೇಲೆ ಇನ್ನಷ್ಟು ಬಿದ್ದಿದೆ. ಹೀಗಿರುವಾಗ ನವೋದ್ಯಮದ ಆಫರ್ ಹಿಡಿದವರು ಸಹಿಗೂ ಮೊದಲು ಮೂರು ಪ್ರಶ್ನೆ ಕೇಳಬೇಕು: ಕಂಪನಿಯ ಬಳಿ ಇನ್ನೆಷ್ಟು ತಿಂಗಳಿಗಾಗುವಷ್ಟು ಹಣವಿದೆ, ನನ್ನ ಕೋಡ್ ಓದುವವರು ಯಾರು, ಕೈಗೆ ಬರುವ ಸಂಬಳ ಎಷ್ಟು. ಕಾಲೇಜುಗಳೂ ಒಂದು ಕೆಲಸ ಮಾಡಬೇಕು. ಆಫರ್ ಪಡೆದವರ ಸಂಖ್ಯೆಯನ್ನು ಬ್ಯಾನರ್ ಮಾಡಿ ಹಾಕುವಂತೆಯೇ, ಅವರಲ್ಲಿ ನಿಜವಾಗಿ ಸೇರಿದವರೆಷ್ಟು, ಒಂದು ವರ್ಷದ ನಂತರವೂ ಕೆಲಸದಲ್ಲಿ ಉಳಿದವರೆಷ್ಟು ಎಂಬುದನ್ನೂ ಪ್ರತಿವರ್ಷ ಪ್ರಕಟಿಸಲಿ.